ಮೀಸಲು ಬಾಗಿಲು, ಸಾಮಾನ್ಯ ಬಾಗಿಲು: ಡಾರ್ಟ್ಸ್ ಆಟದಲ್ಲಿ ಮಹಿಳೆಯರ ಅರ್ಹತೆಯ ನಿಯಮಗಳು

ಆನಗೋಡಿನಲ್ಲಾಗಲಿ ಲೋಕಿಕೆರೆಯಲ್ಲಾಗಲಿ ಗ್ರಾಮ ಪಂಚಾಯಿತಿ ಚುನಾವಣೆಯನ್ನು ಕಂಡವರಿಗೆ ಒಂದು ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಹಿಳೆಗೆ ಮೀಸಲಾದ ಸ್ಥಾನಕ್ಕೆ ಪುರುಷರು ನಾಮಪತ್ರ ಸಲ್ಲಿಸುವಂತಿಲ್ಲ. ಸಾಮಾನ್ಯ ಸ್ಥಾನಕ್ಕೆ ಮಾತ್ರ ಪುರುಷರೂ ಮಹಿಳೆಯರೂ ಸ್ಪರ್ಧಿಸಬಹುದು. ಆದರೂ ‘ಸಾಮಾನ್ಯ’ ಎಂದರೆ ಗಂಡಸರ ಸ್ಥಾನವೆಂದೇ ಮಾತಿನ ರೂಢಿಯಲ್ಲಿ ತಿಳಿಯುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ವೃತ್ತಿಪರ ಡಾರ್ಟ್ಸ್ ಆಟದಲ್ಲಿ ಮಹಿಳೆಯರಿಗಾಗಿ ನಡೆಯುವ ಅರ್ಹತಾ ಪಂದ್ಯಾವಳಿಗಳ ಕುರಿತು ಹಬ್ಬಿರುವ ಗೊಂದಲದ ಮೂಲವೂ ಇದೇ ತಪ್ಪು ತಿಳಿವಳಿಕೆ.

ದಾವಣಗೆರೆಯ ವಿದ್ಯಾನಗರದಲ್ಲಿರುವ ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ ಆಕೆಯ ಮಗಳು ಒಂದು ಡಾರ್ಟ್ಸ್ ಬೋರ್ಡ್ ತೂಗುಹಾಕಿಕೊಂಡಿದ್ದಾಳೆ. ಕಾಲೇಜು ಮುಗಿಸಿ ಬಂದು ದಿನವೂ ಒಂದು ಗಂಟೆ ಎಸೆಯುತ್ತಾಳೆ. ಇಂಗ್ಲೆಂಡಿನ ಬೋ ಗ್ರೀವ್ಸ್ ಆಡುವುದನ್ನು ಮೊಬೈಲಿನಲ್ಲಿ ನೋಡುತ್ತಿದ್ದ ಅವಳು, ‘ಚಿಕ್ಕಮ್ಮ, ಈಕೆ ಹೆಂಗಸ್ರ ಕೂಡನೂ ಆಡ್ತಾಳೆ, ಗಂಡಸ್ರ ಕೂಡನೂ ಆಡ್ತಾಳೆ, ಇದ್ಹೆಂಗೆ?’ ಎಂದು ಕೇಳಿದಳು. ಅವಳಿಗೆ ಕೊಡಲು ಹೊರಟ ಉತ್ತರ ನಾಲ್ಕು ಮಾತಿನಲ್ಲಿ ಮುಗಿಯಲಿಲ್ಲ. ಈ ಆಟವನ್ನು ಪ್ರೀತಿಸುವ ನನಗೆ, ಆ ಉತ್ತರವನ್ನು ಸಾವಧಾನವಾಗಿ ಬರೆದಿಡುವುದು ಅಗತ್ಯವೆನಿಸಿತು.

ಮೊದಲು ಆಟದ ಅಳತೆಗಳನ್ನು ನೋಡೋಣ, ಏಕೆಂದರೆ ವಾದದ ಬೇರು ಅಲ್ಲಿದೆ. ಬೋರ್ಡಿನ ನಟ್ಟನಡುವಿನ ಬಿಂದು ನೆಲದಿಂದ 1.73 ಮೀಟರ್ ಎತ್ತರದಲ್ಲಿರಬೇಕು, ಎಸೆಯುವ ಗೆರೆ ಬೋರ್ಡಿನ ಮುಖದಿಂದ 2.37 ಮೀಟರ್ ದೂರದಲ್ಲಿರಬೇಕು, ಒಂದು ಡಾರ್ಟಿನ ತೂಕ 50 ಗ್ರಾಂ ಮೀರಬಾರದು. 501 ಅಂಕಗಳಿಂದ ಆರಂಭಿಸಿ ಕಳೆಯುತ್ತ ಬಂದು, ಕೊನೆಯ ಡಾರ್ಟನ್ನು ಅಂಕ ಇಮ್ಮಡಿಯಾಗುವ ಡಬಲ್ ಪಟ್ಟಿಗೆ ಇಲ್ಲವೇ ನಡುವಿನ ಬುಲ್‌ಗೆ ಎಸೆದು ಸರಿಯಾಗಿ ಸೊನ್ನೆಗೆ ತಂದವರು ಆ ಲೆಗ್ಗನ್ನು, ಅಂದರೆ ಪಂದ್ಯದ ಒಂದು ಬಿಡಿ ಆಟವನ್ನು, ಗೆಲ್ಲುತ್ತಾರೆ. ಮೂರು ಡಾರ್ಟುಗಳಲ್ಲಿ ಗರಿಷ್ಠ ಗಳಿಕೆಯಾದ 180 ಬರಬೇಕಾದರೆ ಮೂರನ್ನೂ ಅಂಕ ಮುಮ್ಮಡಿಯಾಗುವ, ಕೇವಲ 8 ಮಿಲಿಮೀಟರ್ ಅಗಲದ ಟ್ರೆಬಲ್ ಪಟ್ಟಿಯ 20ರ ಭಾಗದೊಳಗೆ ಕೂರಿಸಬೇಕು. ಈ ಅಳತೆಗಳಲ್ಲಿ ಯಾವುದೂ ಮಹಿಳೆಗೆಂದು ಬದಲಾಗುವುದಿಲ್ಲ.

ನಮ್ಮೂರ ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣದಲ್ಲಿ ಜೋಡಿ ಕಟ್ಟುವ ಹಿರಿಯರು ಪೈಲ್ವಾನರ ಮೈಕಟ್ಟನ್ನು ಕಣ್ಣಿನಲ್ಲೇ ಅಳೆದು, ಸರಿಸಮರನ್ನು ಮಾತ್ರ ಎದುರುಬದುರು ನಿಲ್ಲಿಸುತ್ತಾರೆ. ಅಲ್ಲಿ ದೇಹವೇ ವರ್ಗವನ್ನು ನಿರ್ಧರಿಸುತ್ತದೆ. ಎರಡೂಕಾಲು ಮೀಟರಿಗೆ ತುಸು ಹೆಚ್ಚು ದೂರಕ್ಕೆ ಇಪ್ಪತ್ತು ಚಿಲ್ಲರೆ ಗ್ರಾಂ ತೂಕದ ಡಾರ್ಟನ್ನು ಎಸೆಯುವುದಕ್ಕೆ ಅಂಥ ತೋಳ್ಬಲ ಬೇಕಾಗಿಲ್ಲ. ಹಾಗಾದರೆ ಮಹಿಳೆಯರಿಗೆ ಪ್ರತ್ಯೇಕ ಪಂದ್ಯಾವಳಿ ಏಕೆ?

ನನ್ನ ದೃಷ್ಟಿಯಲ್ಲಿ ಇದಕ್ಕೆ ಉತ್ತರ ದೇಹಕ್ಕಿಂತ ಹೆಚ್ಚಾಗಿ ಅವಕಾಶದ ಲೆಕ್ಕದಲ್ಲಿದೆ. ಡಾರ್ಟ್ಸ್ ಬೆಳೆದದ್ದು ಬ್ರಿಟನ್ನಿನ ಪಬ್ಬುಗಳಲ್ಲಿ. ಸಂಜೆ ಕೆಲಸ ಮುಗಿಸಿದ ಗಂಡಸರು ಸೇರುವ ಆ ಜಾಗದಲ್ಲಿ ವಾರವಾರವೂ ಲೀಗ್ ಆಡಿದ ಹುಡುಗನಿಗೂ, ಮನೆಯಲ್ಲಿ ಒಬ್ಬಳೇ ಅಭ್ಯಾಸ ಮಾಡಿದ ಹುಡುಗಿಗೂ ದೊರೆತ ಪಂದ್ಯಗಳ ಸಂಖ್ಯೆ ಒಂದೇ ಆಗಿರಲಾರದು. ಡಾರ್ಟ್ಸ್‌ನಲ್ಲಿ ಆಟಗಾರರ ಮಟ್ಟವನ್ನು ಅಳೆಯುವುದು ಮೂರು ಡಾರ್ಟಿನ ಸರಾಸರಿಯಿಂದ: 501ನ್ನು 15 ಡಾರ್ಟುಗಳಲ್ಲಿ ಮುಗಿಸಿದರೆ ಸರಾಸರಿ 100.2, 18ರಲ್ಲಿ ಮುಗಿಸಿದರೆ 83.5, 21ರಲ್ಲಿ ಮುಗಿಸಿದರೆ 71.6ರ ಹತ್ತಿರ. ಮೇಲ್ಮಟ್ಟದಲ್ಲಿ ಗೆಲುವು ಸೋಲನ್ನು ತೀರ್ಮಾನಿಸುವುದು ಲೆಗ್ಗಿಗೆ ಈ ಮೂರು ಡಾರ್ಟುಗಳ ಅಂತರವೇ. ಅದನ್ನು ಕಡಿಮೆ ಮಾಡುವುದು ಎದುರಾಳಿಯ ಮುಂದೆ, ಒತ್ತಡದಲ್ಲಿ, ಮತ್ತೆ ಮತ್ತೆ ಆಡಿದ ಅನುಭವ. ಚದುರಂಗವನ್ನು ನೆನೆಸಿಕೊಂಡರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 2025ರಲ್ಲಿ ಮಹಿಳಾ ವಿಶ್ವಕಪ್ ಗೆದ್ದು ಗ್ರ್ಯಾಂಡ್‌ಮಾಸ್ಟರ್ ಆದ ದಿವ್ಯಾ ದೇಶಮುಖ್ ಅವರಿಗೆ ಮುಕ್ತ ಪಂದ್ಯಾವಳಿಗಳ ಬಾಗಿಲು ಎಂದೂ ಮುಚ್ಚಿರಲಿಲ್ಲ. ಮಹಿಳಾ ವಿಭಾಗವು ಅವರಿಗೆ ಹೆಚ್ಚಿಗೆ ದೊರೆತ ಮತ್ತೊಂದು ದಾರಿಯಾಗಿತ್ತು.

ಡಾರ್ಟ್ಸ್ ಜಗತ್ತಿನಲ್ಲಿ ಎರಡು ಆಡಳಿತಗಳಿವೆ ಎಂಬುದನ್ನು ತಿಳಿಯದೆ ಮುಂದಿನ ನಿಯಮಗಳು ಅರ್ಥವಾಗುವುದಿಲ್ಲ. 1973ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಡಾರ್ಟ್ಸ್ ಆರ್ಗನೈಸೇಷನ್‌ನಿಂದ ಅಗ್ರ ಆಟಗಾರರು ಹೊರಬಂದು 1992ರಲ್ಲಿ ಕಟ್ಟಿಕೊಂಡ ಸಂಸ್ಥೆಯೇ ಇಂದಿನ ಪ್ರೊಫೆಷನಲ್ ಡಾರ್ಟ್ಸ್ ಕಾರ್ಪೊರೇಷನ್, ಅಂದರೆ ಪಿಡಿಸಿ. ಹಳೆಯ ಸಂಸ್ಥೆ 2001ರಲ್ಲಿ ಇಂಗ್ಲೆಂಡಿನ ಲೇಕ್‌ಸೈಡ್ ಸಭಾಂಗಣದಲ್ಲಿ ಮಹಿಳೆಯರಿಗೆ ಪ್ರತ್ಯೇಕ ವಿಶ್ವ ಚಾಂಪಿಯನ್‌ಷಿಪ್ ಆರಂಭಿಸಿತು. ಮೊದಲ 7 ವರ್ಷವೂ ಟ್ರೀನಾ ಗಲಿವರ್ ಒಬ್ಬರೇ ಗೆದ್ದರು. ಒಟ್ಟು 10 ಪ್ರಶಸ್ತಿಗಳು ಅವರ ಪಾಲಾದವು. ಆ ಸಂಸ್ಥೆ 2020ರಲ್ಲಿ ಮುಚ್ಚಿಹೋದ ಮೇಲೆ ಲೇಕ್‌ಸೈಡ್‌ನ ಪರಂಪರೆಯನ್ನು ವರ್ಲ್ಡ್ ಡಾರ್ಟ್ಸ್ ಫೆಡರೇಷನ್, ಅಂದರೆ ಡಬ್ಲ್ಯುಡಿಎಫ್, 2022ರಿಂದ ಮುಂದುವರಿಸಿಕೊಂಡು ಬಂದಿದೆ.

ಪಿಡಿಸಿಯ ದಾರಿ ಬೇರೆ. ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನಲ್ಲಿ ಪ್ರತಿ ಡಿಸೆಂಬರಿನಲ್ಲಿ ಆರಂಭವಾಗುವ ಅದರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರ ವಿಭಾಗ, ಮಹಿಳೆಯರ ವಿಭಾಗ ಎಂಬ ಭೇದವಿಲ್ಲ. ಅದು ಒಂದೇ ಮುಕ್ತ ಪಂದ್ಯಾವಳಿ. 2001ರಲ್ಲಿ ಕೆನಡಾದ ಗೇಲ್ ಕಿಂಗ್ ಆಹ್ವಾನಿತರಾಗಿ ಅದರಲ್ಲಿ ಆಡಿದ ಮೊದಲ ಮಹಿಳೆಯಾದರು. 2009ರಲ್ಲಿ ರಷ್ಯಾದ ಅನಸ್ತಾಸಿಯಾ ದೊಬ್ರೊಮಿಸ್ಲೋವಾ ಆಡಿದರು. ನಡುವೆ ಇಷ್ಟು ವರ್ಷ ಕಳೆದದ್ದೇ ಸಾಕು, ನಿಯಮದಲ್ಲಿ ಬಾಗಿಲು ತೆರೆದಿದ್ದ ಮಾತ್ರಕ್ಕೆ ಯಾರೂ ಒಳಗೆ ಬಂದುಬಿಡುವುದಿಲ್ಲ ಎಂಬುದಕ್ಕೆ. ಆಹ್ವಾನವೆಂಬುದು ಕರೆಯುವವರ ಮನಸ್ಸನ್ನು ಅವಲಂಬಿಸಿದ ಕೃಪೆ. ಅರ್ಹತೆಯೆಂಬುದು ಆಡಿ ಗಳಿಸಿದ ಹಕ್ಕು. ಆ ಕೃಪೆಯ ಜಾಗದಲ್ಲಿ ಈ ಹಕ್ಕನ್ನು ತಂದದ್ದು 2018ರ ಬದಲಾವಣೆ. ಆ ವರ್ಷ ಆಟಗಾರರ ಸಂಖ್ಯೆಯನ್ನು 72ರಿಂದ 96ಕ್ಕೆ ಏರಿಸಿದಾಗ, ಎರಡು ಸ್ಥಾನಗಳನ್ನು ಮಹಿಳಾ ಅರ್ಹತಾ ಪಂದ್ಯಾವಳಿಗಳಿಗೆ ಮೀಸಲಿಡಲಾಯಿತು: ಒಂದು ಬ್ರಿಟನ್ ಮತ್ತು ಐರ್ಲೆಂಡಿನ ಮಹಿಳೆಯರಿಗೆ, ಇನ್ನೊಂದು ಉಳಿದ ಜಗತ್ತಿಗೆ. ಮೊದಲ ವರ್ಷ ಲೀಸಾ ಆಷ್ಟನ್ ಮತ್ತು ದೊಬ್ರೊಮಿಸ್ಲೋವಾ ಆ ಸ್ಥಾನಗಳನ್ನು ಪಡೆದು, ಇಬ್ಬರೂ ಮೊದಲ ಸುತ್ತಿನಲ್ಲೇ ಸೋತರು.

ಮರುವರ್ಷ ನಡೆದದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅರ್ಹತೆ ಗಳಿಸಿ ಬಂದ ಫಾಲನ್ ಶೆರಕ್ 2019ರ ಡಿಸೆಂಬರ್ 17ರಂದು ಟೆಡ್ ಎವೆಟ್ಸ್ ಅವರನ್ನು 3–2 ಸೆಟ್‌ಗಳಿಂದ (ಹಲವು ಲೆಗ್‌ಗಳು ಸೇರಿ ಒಂದು ಸೆಟ್) ಸೋಲಿಸಿ, ಪಿಡಿಸಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಂದ್ಯ ಗೆದ್ದ ಮೊದಲ ಮಹಿಳೆಯಾದರು. ನಾಲ್ಕು ದಿನಗಳ ನಂತರ 11ನೇ ಶ್ರೇಯಾಂಕದ ಮೆನ್ಸೂರ್ ಸುಲ್ಯೋವಿಚ್ ಅವರನ್ನು 3–1ರಿಂದ ಮಣಿಸಿ, ಮೂರನೇ ಸುತ್ತಿನಲ್ಲಿ ಕ್ರಿಸ್ ಡೋಬಿ ಅವರಿಗೆ 2–4ರಿಂದ ಸೋತರು. ಅದೇ ವರ್ಷ ಇನ್ನೊಂದು ಸ್ಥಾನದಿಂದ ಬಂದ ಜಪಾನಿನ ಮಿಕುರು ಸುಜುಕಿ ಮೊದಲ ಸುತ್ತಿನಲ್ಲಿ 2–3ರ ಅಂತರದಲ್ಲಿ ಕೂದಲೆಳೆಯಲ್ಲಿ ಸೋತರು. ಮೀಸಲು ಸ್ಥಾನದಿಂದ ಬಂದವರ ಮಟ್ಟ ಕಡಿಮೆ ಎಂಬ ಮಾತು ನಮ್ಮಲ್ಲೂ ಕೇಳಿಬರುತ್ತದೆ, ಅಲ್ಲಿಯೂ ಕೇಳಿಬರುತ್ತಿತ್ತು. ಗಮನಿಸಬೇಕಾದದ್ದೆಂದರೆ, ಅರ್ಹತಾ ಪಂದ್ಯಾವಳಿ ಶೆರಕ್ ಅವರಿಗೆ ಕೊಟ್ಟದ್ದು ಪ್ರವೇಶವನ್ನು ಮಾತ್ರ. ಒಳಗೆ ಹೋದ ಮೇಲೆ ಒಂದು ಅಂಕದ ರಿಯಾಯಿತಿಯೂ ಇರಲಿಲ್ಲ.

ಆದರೆ ಒಂದು ದಿನದ ಅರ್ಹತಾ ಪಂದ್ಯಾವಳಿಗೆ ಒಂದು ದೋಷವಿದೆ: ವರ್ಷವಿಡೀ ಚೆನ್ನಾಗಿ ಆಡಿದವಳ ಕೈ ಆ ಒಂದು ಮಧ್ಯಾಹ್ನ ಹಿಡಿತ ತಪ್ಪಿದರೆ ಎಲ್ಲವೂ ಮುಗಿಯಿತು. 2020ರಲ್ಲಿ ಪಿಡಿಸಿ ಇದನ್ನು ತಿದ್ದಿತು. ಆ ವರ್ಷದ ಅಕ್ಟೋಬರಿನಲ್ಲಿ ನಾಲ್ಕು ಪಂದ್ಯಾವಳಿಗಳ ‘ವುಮೆನ್ಸ್ ಸೀರೀಸ್’ ಆರಂಭಿಸಿ, ಅವುಗಳಲ್ಲಿ ಗಳಿಸಿದ ಬಹುಮಾನದ ಹಣವನ್ನು ಕೂಡಿಸಿ, ಆ ಪಟ್ಟಿಯ ಮೊದಲ ಇಬ್ಬರಿಗೆ ವಿಶ್ವ ಚಾಂಪಿಯನ್‌ಷಿಪ್‌ನ ಸ್ಥಾನ ಕೊಟ್ಟಿತು. ಲೀಸಾ ಆಷ್ಟನ್ ಮತ್ತು ಡೀಟಾ ಹೆಡ್ಮನ್ ಹೀಗೆ ಅರ್ಹರಾದರು. ಪಂದ್ಯಾವಳಿಗಳ ಸಂಖ್ಯೆ 2021ರಲ್ಲಿ 12, 2022ರಲ್ಲಿ 20, 2023ರಲ್ಲಿ 24 ಆಯಿತು. ಡಾರ್ಟ್ಸ್‌ನಲ್ಲಿ ‘ಆರ್ಡರ್ ಆಫ್ ಮೆರಿಟ್’ ಎನ್ನುವುದು ಬೇರೇನೂ ಅಲ್ಲ, ಹೀಗೆ ಗೆದ್ದ ಹಣದ ಮೊತ್ತದ ಪ್ರಕಾರ ಆಟಗಾರರನ್ನು ಜೋಡಿಸಿದ ಪಟ್ಟಿ. ಎದುರಾಳಿ ಎಷ್ಟು ಬಲಿಷ್ಠ ಎಂಬುದನ್ನು ಅದು ನೇರವಾಗಿ ಲೆಕ್ಕ ಹಾಕುವುದಿಲ್ಲ. ದಾವಣಗೆರೆಯಲ್ಲಿ ಒಂದೇ ಬೆಳಗಿನ ಆಯ್ಕೆ ಪ್ರಕ್ರಿಯೆಯಲ್ಲಿ ಜ್ವರದಿಂದ ಓಡಲಾಗದೆ ಜಿಲ್ಲಾ ತಂಡದಿಂದ ಹೊರಗುಳಿದ ಹುಡುಗಿಯರನ್ನು ನಾನು ಕಂಡಿದ್ದೇನೆ. ಆದ್ದರಿಂದ ಹಲವು ವಾರಾಂತ್ಯಗಳ ಮೊತ್ತವನ್ನು ನೋಡುವ ಪದ್ಧತಿಯೇ ನ್ಯಾಯವಾದದ್ದೆಂದು ನಾನು ನಂಬುತ್ತೇನೆ.

ಸರಣಿಯ ಜೊತೆಗೆ ಇನ್ನೊಂದು ಪ್ರವೇಶ ದಾರಿ ತೆರೆದದ್ದು 2022ರ ಜುಲೈನಲ್ಲಿ. ಬ್ಲ್ಯಾಕ್‌ಪೂಲ್‌ನ ವಿಂಟರ್ ಗಾರ್ಡನ್ಸ್‌ನಲ್ಲಿ ಮೊದಲ ಮಹಿಳಾ ವರ್ಲ್ಡ್ ಮ್ಯಾಚ್‌ಪ್ಲೇ ನಡೆಯಿತು. ಸರಣಿಯ ಪಟ್ಟಿಯಲ್ಲಿ ಮುಂದಿದ್ದ 8 ಮಂದಿಗೆ ಮಾತ್ರ ಅಲ್ಲಿ ಅವಕಾಶವಿತ್ತು. ಶೆರಕ್ ಫೈನಲ್‌ನಲ್ಲಿ ಆಯ್ಲೀನ್ ಡಿ ಗ್ರಾಫ್ ಅವರನ್ನು 6–3ರಿಂದ ಸೋಲಿಸಿದರು. ಅದೇ ವರ್ಷದ ಕೊನೆಯಲ್ಲಿ 18ರ ಬೋ ಗ್ರೀವ್ಸ್ ಸರಣಿಯ ಕೊನೆಯ 8 ಪಂದ್ಯಾವಳಿಗಳನ್ನು ಸತತವಾಗಿ ಗೆದ್ದು ಪಟ್ಟಿಯ ಲೆಕ್ಕವನ್ನೇ ತಲೆಕೆಳಗು ಮಾಡಿದಾಗ, ಶೆರಕ್ ಅವರಿಗೆ ವಿಶ್ವ ಚಾಂಪಿಯನ್‌ಷಿಪ್‌ನ ಸ್ಥಾನ ದೊರೆತದ್ದು ಮ್ಯಾಚ್‌ಪ್ಲೇ ವಿಜೇತೆ ಎಂಬ ಕಾರಣದಿಂದ.

ಒಬ್ಬಳೇ ಎರಡು ದಾರಿಗಳಿಂದ ಅರ್ಹಳಾದರೆ ಏನು? ಆಗ ಒಂದು ಸ್ಥಾನ ವ್ಯರ್ಥವಾಗುವುದಿಲ್ಲ. ಪಟ್ಟಿಯಲ್ಲಿ ಕೆಳಗಿರುವ, ಬೇರೆ ದಾರಿಯಿಂದ ಅರ್ಹಳಾಗದ ಆಟಗಾರ್ತಿಗೆ ಅದು ಇಳಿಯುತ್ತದೆ. 2024ರಲ್ಲಿ ಮ್ಯಾಚ್‌ಪ್ಲೇ ಗೆದ್ದ ಗ್ರೀವ್ಸ್ ಜೊತೆಗೆ ಶೆರಕ್ ಮತ್ತು ನೆದರ್ಲೆಂಡ್ಸ್‌ನ ನೋವಾ ಲಿನ್ ವಾನ್ ಲ್ಯೂವನ್ ಅವರೂ ಸೇರಿ ಮೂವರು ಅಲೆಕ್ಸಾಂಡ್ರಾ ಪ್ಯಾಲೆಸ್ ತಲುಪಿದರು. ಆದ್ದರಿಂದ ಇಂಥ ಪಟ್ಟಿಗಳನ್ನು ಓದುವಾಗ ಶ್ರೇಯಾಂಕವನ್ನಷ್ಟೇ ನೋಡಿದರೆ ಸಾಲದು. ಮೇಲಿರುವವರು ಆಗಲೇ ಒಳಗಿದ್ದಾರೆಯೇ ಎಂಬುದನ್ನೂ ನೋಡಬೇಕು.

ನನಗೆ ಅತ್ಯಂತ ಬೇಸರ ತಂದ ನಿಯಮವೆಂದರೆ ಎರಡು ಆಡಳಿತಗಳ ನಡುವೆ ಆಟಗಾರ್ತಿಯನ್ನು ನಿಲ್ಲಿಸಿ ಒಂದನ್ನು ಆರಿಸಿಕೋ ಎಂದು ಹೇಳಿದ ನಿಯಮ. 2023ರಲ್ಲಿ ಒಂದೇ ಋತುವಿನಲ್ಲಿ ಲೇಕ್‌ಸೈಡ್‌ನ ಡಬ್ಲ್ಯುಡಿಎಫ್ ವಿಶ್ವ ಚಾಂಪಿಯನ್‌ಷಿಪ್ ಮತ್ತು ಪಿಡಿಸಿಯ ವಿಶ್ವ ಚಾಂಪಿಯನ್‌ಷಿಪ್ ಎರಡರಲ್ಲೂ ಆಡಲು ಅವಕಾಶವಿರಲಿಲ್ಲ. ಗ್ರೀವ್ಸ್ ಲೇಕ್‌ಸೈಡ್ ಆರಿಸಿಕೊಂಡು ಅಲ್ಲಿ ಎರಡನೆಯ ಬಾರಿ ವಿಶ್ವ ಪ್ರಶಸ್ತಿ ಗೆದ್ದರು. ಆ ವರ್ಷದ ಅತ್ಯುತ್ತಮ ಆಟಗಾರ್ತಿ ಇಲ್ಲದೆಯೇ ಪಿಡಿಸಿಯ ಪಂದ್ಯಾವಳಿ ನಡೆಯಿತು. ಸಂಸ್ಥೆಗಳಿಗೆ ತಮ್ಮ ಪಂದ್ಯಾವಳಿಯ ಘನತೆ ಕಾಪಾಡುವ ಆಸೆ ಇರುವುದು ಸಹಜ. ಆದರೆ ಪ್ರಶಸ್ತಿ ಗೆಲ್ಲಬಹುದಾದ ಮಹಿಳಾ ವಿಭಾಗ ಒಂದು ಕಡೆ, ಆಟದ ಅತಿ ದೊಡ್ಡ ವೇದಿಕೆ ಇನ್ನೊಂದು ಕಡೆ ಇರುವಾಗ, ಈ ಆಯ್ಕೆಯ ಭಾರ ಬೀಳುವುದು ಮಹಿಳೆಯ ಮೇಲೆ ಮಾತ್ರ ಎಂಬುದನ್ನು ನಿಯಮ ಬರೆದವರು ಯೋಚಿಸಬೇಕಿತ್ತು.

‘ಮಹಿಳಾ ವಿಭಾಗದಲ್ಲಿ ಯಾರು ಆಡಬಹುದು’ ಎಂಬ ಪ್ರಶ್ನೆ 2024ರಿಂದ ಹೆಚ್ಚು ತೀವ್ರವಾಯಿತು. ವಾನ್ ಲ್ಯೂವನ್ ಟ್ರಾನ್ಸ್ ಮಹಿಳೆ. ಆಗ ಜಾರಿಯಲ್ಲಿದ್ದ ನಿಯಮಗಳ ಪ್ರಕಾರವೇ ಅವರು ಆಡಿ, ಗೆದ್ದು, ಪಿಡಿಸಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಡಿದ ಮೊದಲ ಟ್ರಾನ್ಸ್ ಆಟಗಾರ್ತಿಯಾದರು. ಇದನ್ನು ಒಪ್ಪದ ನೆದರ್ಲೆಂಡ್ಸ್‌ನ ಇಬ್ಬರು ಆಟಗಾರ್ತಿಯರು ರಾಷ್ಟ್ರೀಯ ತಂಡದಿಂದ ಹೊರನಡೆದರು. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಅಲ್ಲಿನ 2010ರ ಸಮಾನತಾ ಕಾಯ್ದೆಯಲ್ಲಿ ‘ಮಹಿಳೆ’ ಎಂಬ ಪದ ಜೈವಿಕ ಲಿಂಗವನ್ನು ಸೂಚಿಸುತ್ತದೆ ಎಂದು ತೀರ್ಪು ನೀಡಿತು. ಅದೇ ವರ್ಷ ಡಬ್ಲ್ಯುಡಿಎಫ್ ತನ್ನ ಮಹಿಳಾ ಮತ್ತು ಬಾಲಕಿಯರ ವಿಭಾಗಗಳನ್ನು ಹುಟ್ಟಿನಿಂದ ಹೆಣ್ಣಾದವರಿಗೆ ಸೀಮಿತಗೊಳಿಸಿ, ಉಳಿದವರಿಗೆ ಮುಕ್ತ ವಿಭಾಗವನ್ನು ತೋರಿಸಿತು.

ಮೇಲೆ ಹೇಳಿದ ದೇಹ ಮತ್ತು ಅವಕಾಶದ ವಾದ ಇಲ್ಲಿ ಮತ್ತೆ ಎದುರಾಗುತ್ತದೆ. ಮೀಸಲು ಬಾಗಿಲು ಇರುವುದು ದೇಹದ ಅಂತರಕ್ಕಾಗಿಯೇ ಆದರೆ, ಡಾರ್ಟ್ ಎಸೆಯುವುದರಲ್ಲಿ ಆ ಅಂತರ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಅಳೆದು ತೋರಿಸಬೇಕಾಗುತ್ತದೆ. ಅವಕಾಶದ ಕೊರತೆಗಾಗಿ ಆದರೆ, ಯಾರ ಅವಕಾಶ ಯಾವ ವಯಸ್ಸಿನಲ್ಲಿ ಕೊರತೆಯಾಗಿತ್ತು ಎಂಬ ಪ್ರಶ್ನೆ ಬರುತ್ತದೆ. ಸ್ಥಾನಗಳು ಎರಡೋ ಮೂರೋ ಇರುವಲ್ಲಿ, ಒಂದು ಸ್ಥಾನ ಕೈತಪ್ಪಿದ ಮಹಿಳೆಯ ನೋವೂ ನಿಜ. ನಿಯಮ ಪಾಲಿಸಿ ಆಡಿದ ಆಟಗಾರ್ತಿ ಸಾರ್ವಜನಿಕ ನಿಂದನೆಗೆ ಗುರಿಯಾದ ನೋವೂ ನಿಜ. ನಿಯಮವನ್ನು ಟೀಕಿಸುವವರು ಆಟಗಾರ್ತಿಯನ್ನು ಅವಮಾನಿಸದೆಯೇ ಟೀಕಿಸಬಹುದು ಎಂಬುದಷ್ಟನ್ನು ಇಲ್ಲಿ ಒತ್ತಿ ಹೇಳುತ್ತೇನೆ.

ಇನ್ನು ನಮ್ಮ ಹುಡುಗಿಯ ವಿಚಾರ. ವುಮೆನ್ಸ್ ಸೀರೀಸ್‌ನಲ್ಲಿ ಆಡಲು 16 ವರ್ಷ ತುಂಬಿದ್ದರೆ ಸಾಕು, ಯಾವ ದೇಶದವರಾದರೂ ಆಡಬಹುದು, ಮೊದಲೇ ಪಿಡಿಸಿಯ ಆಟದ ಪರವಾನಗಿಯಂಥ ಯಾವ ಕಾರ್ಡೂ ಬೇಕಿಲ್ಲ. ಕಾಗದದ ಮೇಲೆ ಇದು ಎಷ್ಟು ಉದಾರವೋ, ದಾವಣಗೆರೆಯಿಂದ ನೋಡಿದಾಗ ಅಷ್ಟೇ ದೂರ: ಪಂದ್ಯಾವಳಿಗಳು ನಡೆಯುವುದು ಇಂಗ್ಲೆಂಡ್ ಮತ್ತು ಜರ್ಮನಿಯ ಸಭಾಂಗಣಗಳಲ್ಲಿ. ಒಂದು ವಾರಾಂತ್ಯದಲ್ಲಿ ಸಾಮಾನ್ಯವಾಗಿ ನಾಲ್ಕು ಪಂದ್ಯಾವಳಿಗಳನ್ನು ಒಟ್ಟಿಗೆ ನಡೆಸುವುದರಿಂದ ಒಂದೇ ವೀಸಾ, ಒಂದೇ ವಿಮಾನದ ಖರ್ಚಿನಲ್ಲಿ ನಾಲ್ಕು ಅವಕಾಶ ಸಿಗುತ್ತವೆ ಎಂಬುದೊಂದು ಸಮಾಧಾನ. ಆದರೆ ಪಟ್ಟಿಯಲ್ಲಿ ಮೇಲೇರಲು ಒಂದು ವಾರಾಂತ್ಯ ಸಾಲದು. ಭಾರತಕ್ಕೂ ವಿಶ್ವ ಚಾಂಪಿಯನ್‌ಷಿಪ್‌ನ ಸ್ಥಾನ ದೊರೆಯುತ್ತಿದ್ದು, ಹೀಗೆ ಹೋದ ನಿತಿನ್ ಕುಮಾರ್ 2025ರ ಡಿಸೆಂಬರಿನಲ್ಲಿ ಅಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯರಾದರು. ಆ ವರ್ಷದಿಂದ ಆಟಗಾರರ ಸಂಖ್ಯೆಯೂ 128ಕ್ಕೆ ಏರಿದೆ.

ಸಾಮಾನ್ಯ ಬಾಗಿಲು ಇನ್ನೂ ಕಠಿಣ. ಪಿಡಿಸಿಯ ಪೂರ್ಣ ಪ್ರಮಾಣದ ಪ್ರವಾಸಿ ಪಂದ್ಯಾವಳಿಗಳಲ್ಲಿ ಆಡುವ ಹಕ್ಕು ಕೊಡುವ ‘ಟೂರ್ ಕಾರ್ಡ್’ ಇರುವುದು 128 ಮಂದಿಗೆ. ವರ್ಷದ ಆರಂಭದಲ್ಲಿ ನಡೆಯುವ ‘ಕ್ಯೂ ಸ್ಕೂಲ್’ ಎಂಬ ಪರೀಕ್ಷೆಯಂಥ ಪಂದ್ಯಾವಳಿಯಲ್ಲಿ ಪುರುಷರೂ ಮಹಿಳೆಯರೂ ಒಂದೇ ಸಾಲಿನಲ್ಲಿ ನಿಂತು ಅದನ್ನು ಗಳಿಸಬೇಕು. 2020ರ ಜನವರಿಯಲ್ಲಿ ಲೀಸಾ ಆಷ್ಟನ್ ಹಾಗೆ ಗಳಿಸಿದ ಮೊದಲ ಮಹಿಳೆಯಾದರು. ಗ್ರೀವ್ಸ್ ಬಂದದ್ದು ಬೇರೆ ಹಾದಿಯಲ್ಲಿ. 24 ವರ್ಷದವರೆಗಿನ ಆಟಗಾರರ, ಇದೂ ಮುಕ್ತವಾದ, ಡೆವಲಪ್‌ಮೆಂಟ್ ಟೂರ್‌ನಲ್ಲಿ 2025ರಲ್ಲಿ ಮುಂಚೂಣಿಯಲ್ಲಿ ನಿಂತು ಅವರು ಕಾರ್ಡ್ ಸಂಪಾದಿಸಿದರು. ಅದೇ ವರ್ಷ ವಿಶ್ವ ಯುವ ಚಾಂಪಿಯನ್‌ಷಿಪ್‌ನ ಸೆಮಿಫೈನಲ್‌ನಲ್ಲಿ ಆಗಿನ ಪಿಡಿಸಿ ವಿಶ್ವ ಚಾಂಪಿಯನ್ ಲ್ಯೂಕ್ ಲಿಟ್ಲರ್ ಅವರನ್ನು 6–5ರಿಂದ ಸೋಲಿಸಿದ ಅವರು, ಫೈನಲ್‌ನಲ್ಲಿ ಜಿಯಾನ್ ವಾನ್ ವೀನ್ ಅವರಿಗೆ ಅಷ್ಟೇ ಅಂತರದಿಂದ ಸೋತರು.

ಕಾರ್ಡ್ ಪಡೆದವಳು ಮತ್ತೆ ಮಹಿಳಾ ಸರಣಿಯಲ್ಲಿ ಆಡಬಹುದೇ ಎಂಬ ಪ್ರಶ್ನೆ ಆಗ ಎದ್ದಿತು. ಸಾಮಾನ್ಯ ಸ್ಥಾನದಿಂದ ಗೆದ್ದವಳು ಮುಂದಿನ ಬಾರಿ ಮೀಸಲು ಸ್ಥಾನಕ್ಕೆ ನಿಲ್ಲಬಾರದು ಎಂದಂತೆ, ಸರಣಿಯನ್ನು ಬಿಡಬೇಕಾಗುವುದಾದರೆ ಕಾರ್ಡ್ ಏಕೆ ಎಂದು ಗ್ರೀವ್ಸ್ ಹಿಂಜರಿದಿದ್ದರು. ಕೊನೆಗೆ ಪಿಡಿಸಿ ಎರಡರಲ್ಲೂ ಆಡಲು ಅವಕಾಶ ಕೊಟ್ಟಿತು, ಮತ್ತು ಅದು ಸರಿಯಾದ ತೀರ್ಮಾನವೆಂದೇ ನಾನು ಭಾವಿಸುತ್ತೇನೆ. ಆದರೂ ಅಲ್ಲೊಂದು ಲೆಕ್ಕ ಉಳಿದಿದೆ. ಕಾರ್ಡಿನ ಅವಧಿ ಎರಡು ವರ್ಷ. ಅದರ ಕೊನೆಗೆ ಮುಖ್ಯ ಆರ್ಡರ್ ಆಫ್ ಮೆರಿಟ್‌ನ ಮೊದಲ 64ರೊಳಗೆ ಇದ್ದವರಿಗೆ ಅದು ಹಾಗೆಯೇ ಮುಂದುವರಿಯುತ್ತದೆ, ಉಳಿದವರು ಮತ್ತೆ ಗಳಿಸಬೇಕಾಗುತ್ತದೆ. ಮಹಿಳಾ ಸರಣಿಯಲ್ಲಿ ಗೆದ್ದ ಹಣ ಮಹಿಳೆಯರ ಪಟ್ಟಿಗೆ ಮಾತ್ರ ಸೇರುತ್ತದೆ. ಆ 64ರ ಗೆರೆಯನ್ನು ಎಳೆಯುವ ಮುಖ್ಯ ಪಟ್ಟಿಗೆ ಅದರಲ್ಲಿ ಒಂದು ಪೌಂಡೂ ಸೇರುವುದಿಲ್ಲ.